ನರದ ನೋವಿನ ಮಾತ್ರೆ ಜೊತೆ ಮೆಗ್ನೀಷಿಯಂ ತಗೋಬಹುದಾ? ಟೈಮು, ಕಿಡ್ನಿ, ಮತ್ತೆ ಗ್ಯಾಸ್ ಟಾನಿಕ್ ವಿಷಯ

ಚಿಂತಾಮಣಿಲಿ ಹಿರಿಯರಿಗೆ ಅಂತ ಇಟ್ಕೊಂಡಿದ್ದ ಒಂದು ಆರೋಗ್ಯ ಕಾರ್ಯಕ್ರಮದಲ್ಲಿ ನಾನು ಮಾತಾಡಿದ್ದು ಇದು. ಬರೋಕೆ ಆಗದೇ ಇದ್ದೋರು ಬರೆದು ಕಳ್ಸಿ ಅಂದ್ರು, ಅದಕ್ಕೆ ಮಾತಾಡಿದ ಹಾಗೇ ಬರೆದಿದೀನಿ, ಕೊನೇಲಿ ಜನ ಕೇಳಿದ ಪ್ರಶ್ನೆಗಳೂ ಇವೆ. ನಾನು ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ಮೆಡಿಕಲ್ ಸ್ಟೋರ್ ಕೌಂಟರ್ ಹಿಂದೆ ನಿಂತು, ಯಾರು ಯಾವ ಮಾತ್ರೆ ಜೊತೆ ಯಾವುದನ್ನ ಸೇರಿಸಿ ತಗೊಂಡು ಹೋಗ್ತಾರೆ ಅಂತ ದಿನಾ ನೋಡೋನು.

ಎಲ್ಲರಿಗೂ ನಮಸ್ಕಾರ.

ರಾತ್ರಿ ಮಲಗಿದ ಮೇಲೆ ಅಂಗಾಲು ಉರಿ, ಜೋಮು, ಸೂಜಿ ಚುಚ್ಚಿದಂಗೆ ಆಗೋದು, ಹೊದ್ದಿರೋ ದುಪ್ಪಟಿ ತಾಗಿದ್ರೂ ನೋವಾಗೋದು ಇಲ್ಲಿ ಯಾರ್ಯಾರಿಗಿದೆ ಕೈ ಎತ್ತಿ ಅಂತ ಕೇಳಿದೆ, ಅರ್ಧಕ್ಕರ್ಧ ಕೈ ಮೇಲೆ ಬಂತು. ಅದರಲ್ಲಿ ಜಾಸ್ತಿ ಜನಕ್ಕೆ ಶುಗರ್ ಇದೆ, ಕೆಲವರಿಗೆ ಸೊಂಟದ ನರ ಒತ್ತಿಕೊಂಡು ಸಯಾಟಿಕಾ, ಒಂದಿಬ್ಬರಿಗೆ ಸರ್ಪಸುತ್ತು ಎದ್ದು ವಾಸಿಯಾದ್ರೂ ಆ ಜಾಗದಲ್ಲಿ ಉರಿ ಹೋಗಿಲ್ಲ. ಇವರಿಗೆಲ್ಲ ಡಾಕ್ಟರ್ ಬರೆಯೋದು ಸಾಮಾನ್ಯವಾಗಿ ಗ್ಯಾಬಪೆಂಟಿನ್, ಪ್ರಿಗಾಬಾಲಿನ್, ಡುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್, ಇವುಗಳಲ್ಲಿ ಒಂದು. ಮಾಮೂಲಿ ನೋವಿನ ಮಾತ್ರೆ, ಪ್ಯಾರಾಸಿಟಮಾಲ್ ಡೈಕ್ಲೋಫೆನಾಕ್ ಥರದ್ದು, ಈ ನೋವಿಗೆ ಅಷ್ಟಾಗಿ ಕೇಳೋದಿಲ್ಲ, ಯಾಕಂದ್ರೆ ಇಲ್ಲಿ ಗಾಯ ಆಗಿರೋದು ಮಾಂಸಕ್ಕಲ್ಲ, ಸುದ್ದಿ ಹೊತ್ಕೊಂಡು ಹೋಗೋ ನರಕ್ಕೇನೇ. ಅದು ಏನೂ ಇಲ್ಲದೇ ಇದ್ದಾಗಲೂ ನೋವು ನೋವು ಅಂತ ಸಿಗ್ನಲ್ ಕಳಿಸ್ತಾನೇ ಇರುತ್ತೆ. ಗ್ಯಾಬಪೆಂಟಿನ್, ಪ್ರಿಗಾಬಾಲಿನ್ ಎರಡೂ ನರದ ತುದಿಯಲ್ಲಿರೋ ಕ್ಯಾಲ್ಸಿಯಂ ಚಾನೆಲ್‌ನ ಒಂದು ಭಾಗಕ್ಕೆ ಅಂಟ್ಕೊಂಡು ಆ ಸಿಗ್ನಲ್ಲನ್ನ ತಗ್ಗಿಸ್ತವೆ. ಗ್ಯಾಬಪೆಂಟಿನ್ ಮೊದಲು ಬಂದಿದ್ದು ಫಿಟ್ಸ್‌ಗೆ, ಅಮೆರಿಕದಲ್ಲಿ 1993ರಲ್ಲಿ, ಸರ್ಪಸುತ್ತು ನೋವಿಗೆ ಅಂತ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಮೊಬೈಲಲ್ಲಿ ನೋಡಿ 'ನನಗೆ ಫಿಟ್ಸ್ ಮಾತ್ರೆ ಕೊಟ್ಟಿದಾರೆ' ಅಂತ ಗಾಬರಿಯಾಗಿ ಬರೋರು ಇದಾರೆ, ಗಾಬರಿ ಬೇಡ, ಅದೇ ಮಾತ್ರೆ ಎರಡೂ ಕೆಲಸ ಮಾಡುತ್ತೆ.

ಈಗ ಮೆಗ್ನೀಷಿಯಂ. ಇತ್ತೀಚೆಗೆ ಎಲ್ಲರ ಕೈಯಲ್ಲೂ ಇದೇ ಡಬ್ಬಿ. ಮಗ ಬೆಂಗಳೂರಿಂದ ಆನ್‌ಲೈನಲ್ಲಿ ಹಾಕ್ಸಿರ್ತಾನೆ, ಪಕ್ಕದ ಮನೆಯೋರು ನಿದ್ದೆ ಚೆನ್ನಾಗಿ ಬರುತ್ತೆ ಅಂದಿರ್ತಾರೆ, ವಾಟ್ಸಾಪಲ್ಲಿ ನರಕ್ಕೆ ಒಳ್ಳೇದು ಅಂತ ವಿಡಿಯೋ ಬಂದಿರುತ್ತೆ. ಇದು ಪೂರ್ತಿ ಬುರುಡೆ ಅಂತ ನಾನು ಹೇಳೋದಿಲ್ಲ. ನೋವನ್ನ ಜೋರು ಮಾಡೋ ಒಂದು ಬಾಗಿಲು ನಮ್ಮ ನರಗಳಲ್ಲಿದೆ, ಎನ್‌ಎಂಡಿಎ ರಿಸೆಪ್ಟರ್ ಅಂತಾರೆ, ಆ ಬಾಗಿಲನ್ನ ಮೆಗ್ನೀಷಿಯಂ ಅಡ್ಡ ಕೂತು ಮುಚ್ಚಿರುತ್ತೆ ಅನ್ನೋದು 1984ರಲ್ಲೇ ಗೊತ್ತಾದ ವಿಷಯ. ಹಾಗಾದ್ರೆ ಮಾತ್ರೆ ನುಂಗಿದ್ರೆ ನೋವು ಹೋಗ್ಬೇಕಲ್ಲ ಅಂತ ಯಾರಿಗಾದ್ರೂ ಅನ್ಸುತ್ತೆ, ಆದ್ರೆ ಹೊಟ್ಟೆಗೆ ಹೋದ ಮೆಗ್ನೀಷಿಯಂ ಅಷ್ಟು ಸಲೀಸಾಗಿ ಆ ಬಾಗಿಲ ತನಕ ಹೋಗೋದಿಲ್ಲ. ನರದ ನೋವಿರೋರಿಗೆ ಕೆಲವು ವಾರ ಮೆಗ್ನೀಷಿಯಂ ಮಾತ್ರೆ ಕೊಟ್ಟು, ಇನ್ನೊಂದು ಗುಂಪಿಗೆ ಔಷಧಿ ಇಲ್ಲದ ಡಮ್ಮಿ ಮಾತ್ರೆ ಕೊಟ್ಟು ಹೋಲಿಸಿ ನೋಡಿದಾರೆ, ನೋವಿನ ಲೆಕ್ಕದಲ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಬರಲಿಲ್ಲ. ರಾತ್ರಿ ಹೊತ್ತು ಮೀನಖಂಡ ಹಿಡ್ಕೊಳ್ಳುತ್ತಲ್ಲ, ಅದಕ್ಕೂ ವಯಸ್ಸಾದೋರಲ್ಲಿ ಮೆಗ್ನೀಷಿಯಂನಿಂದ ಅಂಥ ಪ್ರಯೋಜನ ಇಲ್ಲ ಅಂತಾನೇ ಕಾಕ್ರೇನ್ ಅನ್ನೋ ಸಂಶೋಧನಾ ಸಂಸ್ಥೆಯೋರು ಎಲ್ಲಾ ಟ್ರಯಲ್ ಒಟ್ಟಿಗೆ ಹಾಕಿ ನೋಡಿ ಹೇಳಿದಾರೆ.

ನಿಜವಾಗಿ ಮೆಗ್ನೀಷಿಯಂ ಕಮ್ಮಿ ಇರೋರಿಗೆ ಮಾತ್ರ ಕತೆ ಬೇರೆ. ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಥರ ಗ್ಯಾಸ್ ಮಾತ್ರೆ ಖಾಲಿ ಹೊಟ್ಟೆಗೆ ನುಂಗ್ತಾ ಇರೋರು, ಬಿಪಿಗೆ ಇಲ್ಲಾ ಕಾಲು ಊತಕ್ಕೆ ನೀರು ಹೋಗೋ ಮಾತ್ರೆ ತಗೊಳ್ಳೋರು, ಶುಗರ್ ಹಿಡಿತದಲ್ಲಿ ಇಲ್ಲದೋರು, ದಿನಾ ಕುಡಿಯೋರು, ಇವರಲ್ಲಿ ಮೆಗ್ನೀಷಿಯಂ ಇಳಿಯೋ ಸಾಧ್ಯತೆ ಇದೆ. ಆ ಗ್ಯಾಸ್ ಮಾತ್ರೆಗಳ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಎಚ್ಚರಿಕೆ ಕೊಟ್ಟಿದೆ. ಸ್ನಾಯು ಹಿಡ್ಕೊಳ್ಳೋದು, ಅದುರೋದು, ಜೋಮು, ಎದೆ ಬಡಿತ ಏರುಪೇರು, ಇವೆಲ್ಲ ಅದರ ಲಕ್ಷಣ. ಅಂಥವರಿಗೆ ಡಾಕ್ಟರೇ ಟೆಸ್ಟ್ ಮಾಡಿಸಿ ಕೊಡ್ತಾರೆ, ಕೊಟ್ರೆ ತಗೋಬೇಕು, ಅನುಮಾನ ಬೇಡ. ಟೆಸ್ಟಲ್ಲೂ ಒಂದು ಮಿತಿ ಇದೆ, ಮೈಯಲ್ಲಿರೋ ಸುಮಾರು 25 ಗ್ರಾಂ ಮೆಗ್ನೀಷಿಯಂನಲ್ಲಿ ಅರ್ಧಕ್ಕಿಂತ ಜಾಸ್ತಿ ಮೂಳೇಲಿರುತ್ತೆ, ರಕ್ತದ ಸೀರಂನಲ್ಲಿ ಇರೋದು ನೂರಕ್ಕೆ ಒಂದು ಭಾಗಕ್ಕಿಂತ ಕಮ್ಮಿ. ಹಾಗಾಗಿ ರಿಪೋರ್ಟಲ್ಲಿ ನಾರ್ಮಲ್ ಬಂತು ಅಂದ್ರೂ ಡಾಕ್ಟರ್ ನಿಮ್ಮ ಬೇರೆ ಮಾತ್ರೆಗಳನ್ನೆಲ್ಲ ನೋಡಿ ತೀರ್ಮಾನ ಮಾಡೋದು.

ಸರಿ, ಎರಡೂ ಒಟ್ಟಿಗೆ ತಗೊಂಡ್ರೆ ಏನಾಗುತ್ತೆ. ನಾನು ಮುಖ್ಯವಾಗಿ ಹೇಳೋಕೆ ಬಂದಿದ್ದೇ ಇದನ್ನ.

ಗ್ಯಾಬಪೆಂಟಿನ್ ತಗೊಳ್ಳೋರು ಗಮನ ಕೊಡಿ. ಮೆಗ್ನೀಷಿಯಂ, ಅಲ್ಯುಮಿನಿಯಂ ಎರಡೂ ಇರೋ ಗ್ಯಾಸ್ ಟಾನಿಕ್ ಜೊತೆ ಗ್ಯಾಬಪೆಂಟಿನ್ ತಗೊಂಡ್ರೆ ರಕ್ತಕ್ಕೆ ಸೇರೋ ಮಾತ್ರೆ ಸುಮಾರು 20 ಪರ್ಸೆಂಟ್ ಕಮ್ಮಿ ಆಗುತ್ತೆ, ಟಾನಿಕ್ ಕುಡಿದು ಎರಡು ಗಂಟೆ ಬಿಟ್ಟು ತಗೊಂಡ್ರೆ ಆ ನಷ್ಟ ಬರೀ 5 ಪರ್ಸೆಂಟ್‌ಗೆ ಇಳಿಯುತ್ತೆ. ಇದು ಮಾತ್ರೆ ಕಂಪನಿಯೋರೇ ತಮ್ಮ ಲೇಬಲ್ಲಲ್ಲಿ ಹಾಕಿರೋ ಲೆಕ್ಕ, ಟಾನಿಕ್ ಆದ್ಮೇಲೆ ಕನಿಷ್ಠ ಎರಡು ಗಂಟೆ ಗ್ಯಾಪ್ ಕೊಡಿ ಅಂತಾನೂ ಅಲ್ಲೇ ಬರೆದಿದಾರೆ. ಡಬ್ಬಿಲಿ ಬರೋ ಮೆಗ್ನೀಷಿಯಂ ಆಕ್ಸೈಡ್ ಮಾತ್ರೆಗೂ ಇದೇ ನಿಯಮ ಪಾಲಿಸಬೇಕು.

20 ಪರ್ಸೆಂಟ್ ತಾನೇ, ಏನು ಮಹಾ ಅನ್ಬೋದು. ಗ್ಯಾಬಪೆಂಟಿನ್ ಮೊದಲೇ ಮೈಗೆ ಸರಿಯಾಗಿ ಸೇರದ ಮಾತ್ರೆ, ಅದನ್ನ ಒಳಗೆ ಕರ್ಕೊಂಡು ಹೋಗೋಕೆ ಸಣ್ಣ ಕರುಳಲ್ಲಿ ಒಂದು ವಾಹಕ ಇದೆ, ಅದಕ್ಕೆ ಇಷ್ಟೇ ಅಂತ ಮಿತಿ ಇದೆ. ಸೀಸನ್ನಲ್ಲಿ ಕೋಲಾರ ಎಪಿಎಂಸಿ ಗೇಟಲ್ಲಿ ಟೊಮ್ಯಾಟೊ ಗಾಡಿ ಎಷ್ಟು ಬಂದ್ರೂ ಒಳಗೆ ಬಿಡೋದು ಅಷ್ಟಷ್ಟೇ ತಾನೇ, ಇದೂ ಹಾಗೇ. ದಿನಕ್ಕೆ 900 ಮಿಲಿಗ್ರಾಂ ಮೂರು ಸಲಕ್ಕೆ ಹಂಚಿ ತಗೊಂಡ್ರೆ ಸುಮಾರು 60 ಪರ್ಸೆಂಟ್ ಸೇರುತ್ತೆ, 1200 ಆದ್ರೆ 47, 2400 ಆದ್ರೆ 34. ಡೋಸ್ ಏರಿಸಿದಷ್ಟೂ ವೇಸ್ಟ್ ಜಾಸ್ತಿ. ಡಾಕ್ಟರ್ ಮೂರು ಹೊತ್ತು ಅಂತ ಬರೆಯೋದು ಅದಕ್ಕೇನೇ, ಮಧ್ಯಾಹ್ನದ್ದು ಮರೆತೆ ಅಂತ ರಾತ್ರಿಗೆ ಎರಡು ಸೇರಿಸಿ ನುಂಗಿದ್ರೆ ಲೆಕ್ಕ ಸರಿ ಹೋಗೋದಿಲ್ಲ.

ಆಮೇಲೆ ಇದು ಹೇಗೆ ಸುತ್ತು ಹೊಡೆಯುತ್ತೆ ಅಂತ ಕೇಳಿ. ಅಂಗಾಲು ಉರಿಗೆ ರಾತ್ರಿ ಗ್ಯಾಬಪೆಂಟಿನ್ ಶುರುವಾಗುತ್ತೆ, ಆ ಮಾತ್ರೆಯಿಂದ, ಅದಕ್ಕಿಂತ ಜಾಸ್ತಿ ಅಮಿಟ್ರಿಪ್ಟಿಲಿನ್‌ನಿಂದ, ಮಲಬದ್ಧತೆ ಆಗುತ್ತೆ, ಅದಕ್ಕೆ ಅಂತ ಮಲಗೋ ಮುಂಚೆ ಮಿಲ್ಕ್ ಆಫ್ ಮೆಗ್ನೀಷಿಯಾ ಕುಡೀತಾರೆ, ಅದು ಮೆಗ್ನೀಷಿಯಂ ಹೈಡ್ರಾಕ್ಸೈಡೇ. ಊಟ ಆದ್ಮೇಲೆ ಹೊಟ್ಟೆ ಉಬ್ಬರ ಅಂತ ಡೈಜೀನೋ ಜೆಲುಸಿಲ್ಲೋ ಎರಡು ಮುಚ್ಚಳ, ಅದರಲ್ಲೂ ಮೆಗ್ನೀಷಿಯಂ ಅಲ್ಯುಮಿನಿಯಂ ಎರಡೂ ಇದೆ. ಇಷ್ಟರ ಮೇಲೆ ನಿದ್ದೆಗೆ ಒಳ್ಳೇದು ಅಂತ ಆ ಹೊಸ ಡಬ್ಬಿ ಮಾತ್ರೆ. ಎಲ್ಲಾನೂ ರಾತ್ರಿ ಒಂಬತ್ತೂವರೆಗೆ, ಒಂದೇ ಲೋಟ ನೀರಲ್ಲಿ! ಮೆಗ್ನೀಷಿಯಂ ತಗೋತೀರಾ ಅಂತ ಕೇಳಿದ್ರೆ ಇಲ್ಲಪ್ಪ ಅಂತಾರೆ, ಸುಳ್ಳು ಹೇಳ್ತಿಲ್ಲ ಅವರು, ಟಾನಿಕ್ಕಲ್ಲಿ ಅದಿದೆ ಅಂತ ಅವರಿಗೆ ಯಾರೂ ಹೇಳೇ ಇಲ್ಲ. ನೋವು ಕಮ್ಮಿ ಆಗ್ಲಿಲ್ಲ ಅಂತ ಡಾಕ್ಟರ್ ಹತ್ರ ಹೋದ್ರೆ ಅವರು ಡೋಸ್ ಏರಿಸ್ತಾರೆ. ಹದಿನೈದು ದಿನ ಬಿಟ್ಟು ಗ್ಯಾಸ್ ಸರಿ ಹೋಯ್ತು ಅಂತ ಇವರು ಟಾನಿಕ್ ನಿಲ್ಲಿಸ್ತಾರೆ, ಈಗ ಏರಿಸಿದ ಡೋಸ್ ಮೊದಲಿಗಿಂತ ಜಾಸ್ತಿ ಮೈಗೆ ಸೇರುತ್ತೆ, ಬೆಳಗ್ಗೆ ಎದ್ರೆ ತಲೆ ಸುತ್ತು, ತೂಕಡಿಕೆ, ಬಚ್ಚಲಲ್ಲಿ ಜಾರಿ ಬೀಳೋದು. ಎಪ್ಪತ್ತು ದಾಟಿದೋರು ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರೆ ಆ ಮನೆ ಪಾಡೇನು ಅಂತ ನಿಮಗೇ ಗೊತ್ತು. ಇದರಲ್ಲಿ ಯಾರೂ ತಪ್ಪು ಮಾತ್ರೆ ಕೊಟ್ಟಿಲ್ಲ ನೋಡಿ, ಟೈಮ್ ಬಗ್ಗೆ ಯಾರೂ ಮಾತಾಡಿಲ್ಲ ಅಷ್ಟೇ.

ಹಾಗಾದ್ರೆ ಯಾವಾಗ ತಗೋಬೇಕು. ಗ್ಯಾಬಪೆಂಟಿನ್ ರಾತ್ರಿ ಮಾತ್ರ ಇದ್ರೆ ಮೆಗ್ನೀಷಿಯಂನ ಬೆಳಗ್ಗೆ ತಿಂಡಿ ಆದ್ಮೇಲೆ ಇಲ್ಲಾ ಮಧ್ಯಾಹ್ನ ಊಟ ಆದ್ಮೇಲೆ ತಗೊಳ್ಳಿ, ರಗಳೆನೇ ಇಲ್ಲ. ಮೂರು ಹೊತ್ತು ಇದ್ರೆ, ಎಂಟು ಗಂಟೆ, ಮಧ್ಯಾಹ್ನ ಎರಡು ಗಂಟೆ, ರಾತ್ರಿ ಹತ್ತು ಅಂತ ಇಟ್ಕೊಳ್ಳಿ, ಸಂಜೆ ಆರು ಗಂಟೆಗೆ ಮೆಗ್ನೀಷಿಯಂ ತಗೊಂಡ್ರೆ ಎರಡೂ ಕಡೆ ನಾಲ್ಕು ಗಂಟೆ ಸಿಗುತ್ತೆ. ಗ್ಯಾಸ್ ಟಾನಿಕ್ಕಿಗೂ ಇದೇ ಲೆಕ್ಕ. ರಾತ್ರಿ ಊಟ ಎಂಟಕ್ಕೆ ಮುಗಿಸಿ ತಕ್ಷಣ ಟಾನಿಕ್ ಕುಡಿದ್ರೆ ಹತ್ತೂವರೆಗೆ ಮಾತ್ರೆ ನುಂಗಿ ಮಲಗಬಹುದು. ಇದರ ಜೊತೆಗೇ ಇನ್ನೊಂದು ಹೇಳ್ಬಿಡ್ತೀನಿ, ಥೈರಾಯ್ಡ್ ಮಾತ್ರೆ ತಗೊಳ್ಳೋರು ಅದಕ್ಕೂ ಮೆಗ್ನೀಷಿಯಂಗೂ ನಾಲ್ಕು ಗಂಟೆ ಅಂತರ ಇಡಿ. ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್ ಥರ ಆಂಟಿಬಯೋಟಿಕ್ ಕೋರ್ಸ್ ನಡೀತಿದ್ರೆ ಅಷ್ಟು ದಿನ ಮೆಗ್ನೀಷಿಯಂ ಡಬ್ಬಿ ಮುಚ್ಚಿಡೋದೇ ಸುಲಭ, ಅದು ಆಂಟಿಬಯೋಟಿಕ್‌ನ ಹೊಟ್ಟೇಲೇ ಹಿಡ್ಕೊಂಡು ಬಿಡುತ್ತೆ.

ಇನ್ನ ಕಿಡ್ನಿ ವಿಷಯ. ಗ್ಯಾಪ್ ತಪ್ಪಿದ್ರೆ ನೋವು ಕಮ್ಮಿ ಆಗೋದಿಲ್ಲ, ಇಲ್ಲಿ ತಪ್ಪಿದ್ರೆ ಜೀವಕ್ಕೆ ಬರುತ್ತೆ, ಅದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಗ್ಯಾಬಪೆಂಟಿನ್ನನ್ನ ಲಿವರ್ ಕರಗಿಸೋದಿಲ್ಲ, ಹೋದ ಹಾಗೇ ಕಿಡ್ನಿ ಮೂಲಕ ಮೂತ್ರದಲ್ಲಿ ಆಚೆ ಬರುತ್ತೆ, ಪ್ರಿಗಾಬಾಲಿನ್ನೂ ಬಹುಪಾಲು ಹಾಗೇ. ಮೈಗೆ ಜಾಸ್ತಿಯಾದ ಮೆಗ್ನೀಷಿಯಂ ಆಚೆ ಹೋಗೋದೂ ಕಿಡ್ನಿಯಿಂದಲೇ. ಕಿಡ್ನಿ ಕುಗ್ಗಿದ್ರೆ ಎರಡೂ ಒಳಗೇ ಉಳ್ಕೊಳ್ತವೆ. ಶುಗರ್‌ನಿಂದ ಕಾಲಿನ ನರ ಕೆಟ್ಟಿದೆ ಅಂದ್ರೆ ಅದೇ ಶುಗರ್ ಕಿಡ್ನಿಗೂ ಕೈ ಹಾಕಿರೋ ಸಾಧ್ಯತೆ ಜಾಸ್ತಿ, ಅಂದ್ರೆ ಈ ಮಾತ್ರೆ ಯಾರಿಗೆ ಬೇಕೋ ಅವರಿಗೇನೇ ಅಪಾಯಾನೂ ಜಾಸ್ತಿ. ಮೆಗ್ನೀಷಿಯಂ ರಕ್ತದಲ್ಲಿ ಏರಿದ್ರೆ ಮೊದಲು ವಾಕರಿಕೆ, ಮುಖ ಬಿಸಿಯಾಗೋದು, ಸುಸ್ತು, ನಿದ್ದೆ ಮಂಪರು, ಬಿಪಿ ಇಳಿಯೋದು, ಇನ್ನೂ ಏರಿದ್ರೆ ಉಸಿರಾಟ, ಹೃದಯದ ಬಡಿತ ನಿಧಾನ. ಈ ಮಂಪರು ನೋಡಿ ಮನೆಯೋರು ಏನಂತಾರೆ, ನರದ ಮಾತ್ರೆ ತಗೊಂಡ್ರೆ ಹೀಗೇ ತೂಕಡಿಸ್ತಾರೆ ಬಿಡಿ ಅಂತ ಸುಮ್ಮನಾಗ್ತಾರೆ. ಯಾವುದರಿಂದ ಆಗ್ತಿದೆ ಅಂತ ಗೊತ್ತಾಗೋ ಹೊತ್ತಿಗೆ ತಡ ಆಗಿರುತ್ತೆ. 2019ರಲ್ಲಿ ಎಫ್‌ಡಿಎ ಇನ್ನೊಂದು ಎಚ್ಚರಿಕೆನೂ ಕೊಡ್ತು, ವಯಸ್ಸಾದೋರು, ಉಬ್ಬಸ ಸಿಒಪಿಡಿ ಥರ ಉಸಿರಾಟದ ಕಾಯಿಲೆ ಇರೋರು, ಟ್ರಮಡಾಲ್‌ನಂಥ ನೋವಿನ ಮಾತ್ರೆ ಜೊತೆಗೆ ತಗೊಳ್ಳೋರು, ಇವರಲ್ಲಿ ಗ್ಯಾಬಪೆಂಟಿನ್ ಪ್ರಿಗಾಬಾಲಿನ್ ಉಸಿರಾಟವನ್ನೇ ತಗ್ಗಿಸಬಹುದು ಅಂತ. ಮಂಪರು ಜಾಸ್ತಿ ಆಗಿ ಎಬ್ಬಿಸಿದ್ರೂ ಸರಿಯಾಗಿ ಏಳ್ತಿಲ್ಲ ಅಂದ್ರೆ ಬೆಳಗಾಗ್ಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಅದಕ್ಕೆ ನಾನು ಕೇಳ್ಕೊಳ್ಳೋದು, ಮೆಗ್ನೀಷಿಯಂ ಡಬ್ಬಿ ತೆಗೆಯೋ ಮುಂಚೆ ಒಂದು ಕ್ರಿಯಾಟಿನಿನ್ ಟೆಸ್ಟ್, ಅಂದ್ರೆ ಕಿಡ್ನಿ ಹೇಗಿದೆ ಅಂತ ನೋಡೋ ರಕ್ತದ ಟೆಸ್ಟ್, ಆಗಿರ್ಲಿ. ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ಗೆ ಶುಗರ್ ಬಿಪಿಗೆ ಅಂತ ಹೋಗೇ ಹೋಗ್ತೀರಲ್ಲ, ಅಲ್ಲೇ ಕೇಳಿ. ರಿಪೋರ್ಟಲ್ಲಿ ಇಜಿಎಫ್‌ಆರ್ ಅಂತ ಒಂದು ನಂಬರ್ ಇರುತ್ತೆ, ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತೆ ಅಂತ ತೋರಿಸೋದು, ಅದು 60ರ ಮೇಲಿದ್ರೆ ಸಾಮಾನ್ಯವಾಗಿ ಚಿಂತೆ ಇಲ್ಲ, 60ರ ಕೆಳಗೆ ಬಂದ್ರೆ ಗ್ಯಾಬಪೆಂಟಿನ್ ಡೋಸನ್ನೇ ಡಾಕ್ಟರ್ ಇಳಿಸಬೇಕಾಗುತ್ತೆ, 30ರ ಕೆಳಗಿದ್ರೆ ಮೆಗ್ನೀಷಿಯಂ ಮಾತ್ರೆ, ಮಿಲ್ಕ್ ಆಫ್ ಮೆಗ್ನೀಷಿಯಾ, ಗ್ಯಾಸ್ ಟಾನಿಕ್ ಯಾವುದನ್ನೂ ಡಾಕ್ಟರ್‌ನ ಕೇಳದೇ ಮುಟ್ಟಬೇಡಿ. ಡಯಾಲಿಸಿಸ್ ಮಾಡಿಸ್ಕೊಳ್ಳೋರ ಮನೆಯೋರು ಯಾರಾದ್ರೂ ಇದ್ರೆ ಇದನ್ನ ಅವರ ಫೈಲ್ ಮೇಲೇ ಬರೆದಿಡಿ.

ಡಬ್ಬಿ ಮೇಲಿನ ನಂಬರ್ ಬಗ್ಗೆನೂ ಗೊಂದಲ ಇದೆ. ಮೆಗ್ನೀಷಿಯಂ ಆಕ್ಸೈಡ್ 500 ಮಿಲಿಗ್ರಾಂ ಅಂದ್ರೆ ಅದರಲ್ಲಿ ಬರೀ ಮೆಗ್ನೀಷಿಯಂ ಸುಮಾರು 300, ಗ್ಲೈಸಿನೇಟ್ 1000 ಅಂದ್ರೆ ಸುಮಾರು 140 ಅಷ್ಟೇ. ಎಲಿಮೆಂಟಲ್ ಮೆಗ್ನೀಷಿಯಂ, ಅಂದ್ರೆ ಆ ಬರೀ ಮೆಗ್ನೀಷಿಯಂ, ಎಷ್ಟು ಅಂತ ಬರೆದಿರೋದನ್ನೇ ನೋಡ್ಬೇಕು. ಮಾತ್ರೆ ರೂಪದಲ್ಲಿ ದಿನಕ್ಕೆ 350 ದಾಟಬಾರದು ಅನ್ನೋದು ಅಮೆರಿಕದಲ್ಲಿ ಹಾಕ್ಕೊಂಡಿರೋ ಮಿತಿ, ಅದೂ ಕಿಡ್ನಿ ಚೆನ್ನಾಗಿರೋರಿಗೆ. ಆಕ್ಸೈಡ್ ಅಗ್ಗ, ಆದ್ರೆ ಮೈಗೆ ಸೇರೋದು ಕಮ್ಮಿ, ಹೊಟ್ಟೆ ಕೆಡಿಸೋದು ಜಾಸ್ತಿ.

ಊಟದ ಬಗ್ಗೆ ಹೇಳದೇ ಇದ್ರೆ ನಮ್ಮ ಕಡೆ ಭಾಷಣ ಪೂರ್ತಿ ಆಗೋದಿಲ್ಲ. ದೊಡ್ಡೋರಿಗೆ ದಿನಕ್ಕೆ ಬೇಕಾಗೋದು ಅಂದಾಜು 300ರಿಂದ 400 ಮಿಲಿಗ್ರಾಂ ಮೆಗ್ನೀಷಿಯಂ. 100 ಗ್ರಾಂ ರಾಗಿ ಹಿಟ್ಟಲ್ಲಿ ಸುಮಾರು 140 ಇದೆ, ಪಾಲಿಶ್ ಅಕ್ಕೀಲಿ ಅದರ ಕಾಲು ಭಾಗಾನೂ ಇಲ್ಲ. ಅವರೆಕಾಳು, ಹುರುಳಿ, ಕಡ್ಲೇಕಾಯಿ, ದಂಟಿನ ಸೊಪ್ಪು, ಇದೆಲ್ಲ ಇದ್ರೆ ಮೆಗ್ನೀಷಿಯಂಗೆ ಅಂತ ಡಬ್ಬಿ ಹುಡ್ಕೋ ಅವಶ್ಯಕತೆ ಬಹಳ ಜನಕ್ಕೆ ಬರೋದಿಲ್ಲ. ಮುದ್ದೆ ಬಿಟ್ಟು ಮೂರು ಹೊತ್ತೂ ಅನ್ನ ಇಡ್ಲಿ ಅಂತ ಆಗಿರೋ ಮನೆಗಳ ಬಗ್ಗೆ ನನಗೆ ನಿಜಕ್ಕೂ ಬೇಸರ ಇದೆ. ಶುಗರ್ ಇದೆ ಅಂತ ದಪ್ಪ ದಪ್ಪ ಎರಡು ಮುದ್ದೆ ತಿನ್ನಿ ಅಂತಲ್ಲ, ಅಳತೆಲಿ ತಿನ್ನಿ, ಜೊತೆಗೆ ಬಸ್ಸಾರು, ಕಾಳು ಪಲ್ಯ ಜಾಸ್ತಿ ಇರ್ಲಿ.

ಪ್ರಶ್ನೆಗಳಿಗೆ ಬರ್ತೀನಿ.

ಬಾಗೇಪಲ್ಲಿ ಕಡೆಯಿಂದ ಬಂದಿದ್ದ ಒಬ್ಬರು ಮೇಷ್ಟ್ರು, ಆರ್‌ಓ ಘಟಕದ ನೀರು ಕುಡಿಯೋಕೆ ಶುರು ಮಾಡಿದ ಮೇಲೆ ಮೆಗ್ನೀಷಿಯಂ ಎಲ್ಲಾ ಹೋಗಿದೆ ಅಂತಾರಲ್ಲ ನಿಜಾನಾ ಅಂತ ಕೇಳಿದ್ರು. ಮೇಷ್ಟ್ರೇ, ಆರ್‌ಓ ಮೆಗ್ನೀಷಿಯಂ ತೆಗೆಯೋದು ನಿಜ. ಆದ್ರೆ ಕುಡಿಯೋ ನೀರಲ್ಲಿ ಮೆಗ್ನೀಷಿಯಂ ಲೀಟರಿಗೆ 30 ಮಿಲಿಗ್ರಾಂ ಒಳಗಿದ್ರೆ ಒಳ್ಳೇದು ಅಂತ ನಮ್ಮ ದೇಶದ ಗುಣಮಟ್ಟ ಸಂಸ್ಥೆ ಬಿಐಎಸ್ ಹೇಳುತ್ತೆ, ಆ ಲೆಕ್ಕಕ್ಕೆ ಎರಡು ಲೀಟರಲ್ಲಿ 60, ಅದಕ್ಕಿಂತ ಜಾಸ್ತಿ ಒಂದು ಮುದ್ದೇಲೇ ಸಿಗುತ್ತೆ. ನಮ್ಮ ಕಡೆ, ಬಾಗೇಪಲ್ಲಿ, ಗೌರಿಬಿದನೂರು, ಆ ಕಡೆ ಪಾವಗಡ, ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ ಅಂತಾನೇ ಆ ಘಟಕ ಹಾಕಿರೋದು, ಫ್ಲೋರೈಡ್ ಲೀಟರಿಗೆ ಒಂದು ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದ ಕಡೆ ಒಂದೂವರೆ ತನಕ. ಬಹಳ ವರ್ಷ ಜಾಸ್ತಿ ಫ್ಲೋರೈಡ್ ಕುಡಿದು ಬೆನ್ನುಮೂಳೆ ಬಿಗಿಯಾಗಿ ನರ ಒತ್ತಿಕೊಂಡಿರೋರಿಗೆ ಅದೇ ಕಾಲು ಜೋಮಿಗೆ ಕಾರಣ ಆಗಿರಬಹುದು. ಮೆಗ್ನೀಷಿಯಂ ಆಸೆಗೆ ಮತ್ತೆ ಬೋರ್ ನೀರಿಗೆ ಹೋಗಬೇಡಿ.

ಒಬ್ಬರು ಅಮ್ಮ, ನಾನು ತಗೊಳ್ಳೋದು ಪ್ರಿಗಾಬಾಲಿನ್ ಜೊತೆ ಬಿ12 ಇರೋ ಮಾತ್ರೆ, ನನಗೂ ಎರಡು ಗಂಟೆ ಗ್ಯಾಪ್ ಬೇಕಾ ಅಂದ್ರು. ಪ್ರಿಗಾಬಾಲಿನ್ 90 ಪರ್ಸೆಂಟ್‌ಗಿಂತ ಜಾಸ್ತಿ ಮೈಗೆ ಸೇರುತ್ತೆ ಅಮ್ಮ, ಡೋಸ್ ಏರಿದ್ರೂ ಅದು ಬದಲಾಗೋದಿಲ್ಲ, ಗ್ಯಾಸ್ ಟಾನಿಕ್ ಬಗ್ಗೆ ಗ್ಯಾಬಪೆಂಟಿನ್‌ಗೆ ಇರೋ ಥರ ಎಚ್ಚರಿಕೆ ಇದರ ಲೇಬಲ್ಲಲ್ಲಿ ಇಲ್ಲ. ಡುಲಾಕ್ಸೆಟಿನ್ ಕೂಡ ಟಾನಿಕ್ ಜೊತೆ ಕೊಟ್ಟು ನೋಡಿದಾಗ ಹೀರೋದ್ರಲ್ಲಿ ವ್ಯತ್ಯಾಸ ಆಗಿಲ್ಲ. ಆದ್ರೆ ಕಿಡ್ನಿ ಮಾತು ಪ್ರಿಗಾಬಾಲಿನ್‌ಗೂ ಅಷ್ಟೇ ಸತ್ಯ. ಬಿ12 ಅಂದ್ರಲ್ಲ, ಅದು ಒಳ್ಳೇ ಮಾತು. ಶುಗರ್‌ಗೆ ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡೋರಲ್ಲಿ ಬಿ12 ಇಳಿಯುತ್ತೆ, ಅದೇ ಜೋಮು, ಅದೇ ಉರಿ ಬರುತ್ತೆ. ಮೆಗ್ನೀಷಿಯಂಗೆ ದುಡ್ಡು ಹಾಕೋ ಮುಂಚೆ ಬಿ12 ಟೆಸ್ಟ್ ಮಾಡ್ಸಿ ಅಂತ ನಾನು ಎಲ್ಲರಿಗೂ ಹೇಳ್ತೀನಿ, ಕಮ್ಮಿ ಇದ್ರೆ ಅದನ್ನ ತುಂಬಿಸಬಹುದು, ಬೇಗ ತುಂಬಿಸಿದಷ್ಟೂ ನರ ಚೇತರಿಸ್ಕೊಳ್ಳೋದು ಜಾಸ್ತಿ.

ದ್ರಾಕ್ಷಿ ತೋಟ ಇಟ್ಟಿರೋ ಒಬ್ಬರು ಅಣ್ಣ ಕೇಳಿದ್ದು ನಾನು ಯೋಚನೆ ಮಾಡದೇ ಇದ್ದ ಪ್ರಶ್ನೆ. ಎಪ್ಸಂ ಸಾಲ್ಟ್ ಹಾಕಿದ ಬಿಸಿನೀರಲ್ಲಿ ಕಾಲು ಇಡಿ ಅಂತಾರೆ, ಎಪ್ಸಂ ಸಾಲ್ಟ್ ಅಂದ್ರೆ ನಾವು ಗೊಬ್ಬರದ ಅಂಗಡಿಯಿಂದ ತಂದು ಎಲೆಗೆ ಸ್ಪ್ರೇ ಮಾಡೋ ಮೆಗ್ನೀಷಿಯಂ ಸಲ್ಫೇಟೇ ಅಲ್ವಾ, ಅದನ್ನೇ ಹಾಕಬಹುದಾ, ಒಂದು ಚಮಚ ಕುಡಿದ್ರೂ ನಡೆಯುತ್ತಾ ಅಂತ. ಅಣ್ಣ, ಅದೇ ಉಪ್ಪು ಹೌದು, ಆದ್ರೆ ಗೊಬ್ಬರಕ್ಕೆ ಅಂತ ಮಾಡಿದ್ದು ಔಷಧಿಯಷ್ಟು ಶುದ್ಧ ಇರೋದಿಲ್ಲ, ಬಾಯಿಗೆ ಹಾಕಲೇಬೇಡಿ. ಇನ್ನ ಬಿಸಿನೀರು. ಶುಗರ್ ಇದ್ದು ಅಂಗಾಲಿಗೆ ಸ್ಪರ್ಶ ಕಮ್ಮಿ ಆಗಿರೋರು ಬಿಸಿನೀರಲ್ಲಿ ಕಾಲಿಟ್ರೆ ಸುಟ್ಟಿದ್ದೂ ಗೊತ್ತಾಗೋದಿಲ್ಲ, ಬೊಬ್ಬೆ ಎದ್ದು, ಹುಣ್ಣಾಗಿ, ಬೆರಳು ತೆಗೆಯೋ ತನಕ ಹೋಗುತ್ತೆ. ಎಪ್ಸಂ ಸಾಲ್ಟ್ ಇರ್ಲಿ ಬರೀ ನೀರೇ ಇರ್ಲಿ, ಬಿಸಿನೀರಲ್ಲಿ ಕಾಲು ನೆನೆಸೋದು ನಿಮಗೆ ಬೇಡ. ತೋಟಕ್ಕೆ ಹೋಗುವಾಗ ಬರಿಗಾಲಲ್ಲೂ ಹೋಗಬೇಡಿ, ಮನೆಗೆ ಬಂದು ಕಾಲು ತೊಳೆದು, ಅಂಗಾಲು, ಬೆರಳ ಸಂದಿ ನೋಡ್ಕೊಳ್ಳಿ, ಕಾಣದಿದ್ರೆ ಮೊಮ್ಮಕ್ಕಳಿಗೆ ನೋಡೋಕೆ ಹೇಳಿ.

ಕೊನೇಲಿ ಒಬ್ಬರು ಅಜ್ಜಿ, ನಿನ್ ಮಾತು ಕೇಳಿ ಭಯ ಆಯ್ತು ಕಣಪ್ಪ, ಇವತ್ತಿಂದ ಆ ಮಾತ್ರೆನೇ ಬಿಟ್ಬಿಡ್ತೀನಿ ಅಂದ್ರು. ಬೇಡ ಅಜ್ಜಿ, ಅದು ಮಾತ್ರ ಮಾಡ್ಬೇಡಿ. ಗ್ಯಾಬಪೆಂಟಿನ್, ಪ್ರಿಗಾಬಾಲಿನ್ ಏನೇ ಆದ್ರೂ ದಿಢೀರ್ ಅಂತ ನಿಲ್ಲಿಸೋ ಹಾಗಿಲ್ಲ, ನಿದ್ದೆ ಕೆಡುತ್ತೆ, ಬೆವರು, ಚಡಪಡಿಕೆ, ನೋವು ಜೋರಾಗಿ ವಾಪಸ್ ಬರುತ್ತೆ, ಫಿಟ್ಸ್ ಇರೋರಿಗೆ ಫಿಟ್ಸೇ ಬರಬಹುದು. ಬಿಡಲೇಬೇಕು ಅಂದ್ರೆ ಕನಿಷ್ಠ ಒಂದು ವಾರ ಹಿಡಿಯೋ ಹಾಗೆ ಸ್ವಲ್ಪ ಸ್ವಲ್ಪ ಇಳಿಸ್ತಾ ಬರಬೇಕು, ಅದನ್ನ ಬರೆದುಕೊಟ್ಟ ಡಾಕ್ಟರೇ ಹೇಳ್ಬೇಕು. ಯಾವ ಹೊತ್ತಿಗೆ ಬೇಕಾದ್ರೂ ನಿಲ್ಲಿಸಬಹುದಾದ್ದು ಮೆಗ್ನೀಷಿಯಂ ಡಬ್ಬಿ, ಅದೂ ಡಾಕ್ಟರ್ ಬರೆದಿದ್ದಲ್ಲ ಅಂದ್ರೆ. ನಾಳೆ ಮನೇಲಿರೋ ಎಲ್ಲಾ ಮಾತ್ರೆ, ಟಾನಿಕ್, ಮಗ ಕಳಿಸಿದ ಡಬ್ಬಿ, ನಾಟಿ ಪುಡಿ ಇದ್ರೆ ಅದೂ, ಒಂದು ಚೀಲದಲ್ಲಿ ಹಾಕ್ಕೊಂಡು ಡಾಕ್ಟರ್ ಮುಂದೆ ಸುರೀರಿ ಅಜ್ಜಿ, ನಾಚ್ಕೋಬೇಡಿ, ಯಾವುದು ಎಷ್ಟು ಗಂಟೆಗೆ ಅಂತ ಚೀಟಿ ಮೇಲೆ ಕನ್ನಡದಲ್ಲಿ ಬರೆಸ್ಕೊಂಡು ಬನ್ನಿ.